ಗಡಿಯಾರ ಸಿಸ್ಟರಿನ ಹೊಟ್ಟೆಕಿಚ್ಚು

ಹೆಂಗಸರ ವಾರ್ಡಿನ ದೊಡ್ಡ ಸಿಸ್ಟರಿಗೆ ರೋಗಿಗಳೆಲ್ಲ ಸೇರಿ ಇಟ್ಟ ಹೆಸರು ಗಡಿಯಾರ. ಇದು ಅವಳಿಗೆ ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು, ಮುಖದ ಮೇಲೆ ಮಾತ್ರ ತೋರಿಸಿಕೊಳ್ಳುತ್ತಿರಲಿಲ್ಲ. ಎಂಟು ಗಂಟೆಯ ಮಾತ್ರೆ ಅವಳ ಕೈಯಲ್ಲಿ ಎಂಟೂ ಐದಕ್ಕೆ ಹೋದದ್ದಿಲ್ಲ. ಹಾಸಿಗೆಯ ಬಟ್ಟೆಯನ್ನು ಮೂಲೆಯಲ್ಲಿ ಲಕೋಟೆಯ ಹಾಗೆ ಮಡಿಸಿ ಒಳಗೆ ಸೇರಿಸಿದಳೆಂದರೆ, ರೋಗಿ ಎಷ್ಟು ಹೊರಳಿದರೂ ಅದು ಮಿಸುಕುತ್ತಿರಲಿಲ್ಲ. ಇಪ್ಪತ್ತೆರಡು ಹಾಸಿಗೆಗಳ ಆ ಉದ್ದನೆಯ ಕೋಣೆಯಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ನೋಡಲು ಬಂದ ನೆಂಟರು ಮಂಚದ ಅಂಚಿನಿಂದ ತಾವಾಗಿಯೇ ಎದ್ದು ನಿಲ್ಲುತ್ತಿದ್ದರು.

ಕೆಲಸಕ್ಕೆ ಸೇರಿ ಇಪ್ಪತ್ತೇಳು ವರ್ಷವಾಗಿತ್ತು. ಮದುವೆಯ ಮಾತು ಬಂದಾಗಲೆಲ್ಲ ಡ್ಯೂಟಿ ಇರುತ್ತಿತ್ತು, ಹಾಗಾಗಿ ಮದುವೆ ಆಗಲಿಲ್ಲ. ಹೀಗಂತ ಅವಳೇ ನಗಾಡಿಕೊಂಡು ಹೇಳುತ್ತಿದ್ದಳು. ಅವಳಿಗೆ ಕೆಲಸ ಕಲಿಸಿದ ಹಳೆಯ ಮೇಟ್ರನ್ ಮೊದಲ ದಿನವೇ ಒಂದು ಮಾತು ಹೇಳಿದ್ದರು. ನರ್ಸ್ ಆದವಳು ವಾರ್ಡಿನಲ್ಲಿ ಕೂರಬಾರದು, ಅವಳು ಕೂತರೆ ಅವಳ ಕಣ್ಣೂ ಕೂತುಬಿಡುತ್ತದೆ ಎಂದು. ಆ ಮಾತನ್ನು ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡಂತೆ ಇಟ್ಟುಕೊಂಡಿದ್ದಳು. ಅವಳ ಪ್ರಕಾರ ರೋಗಿಯ ಮೇಲಿನ ಪ್ರೀತಿ ಅಂದರೆ ಒಬ್ಬಳನ್ನೂ ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಬಿಡದೇ ಇರುವುದು. ನೀರಿನ ಲೋಟ ಕೈಗೆ ಎಟುಕುವಂತೆ ಇಡುವುದು. ತಲೆ ಸವರಿ ಮಾತಾಡಿಸುವುದಕ್ಕೆ ಅವರವರ ಮನೆಯವರು ಇದ್ದೇ ಇದ್ದಾರಲ್ಲ, ಅವರಿಗೂ ಏನಾದರೂ ಕೆಲಸ ಬೇಡವೇ ಎಂದು ಕೇಳುತ್ತಿದ್ದಳು.

ವಾರ್ಡಿನ ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಹಲಗೆ ಇತ್ತು. ಮಲಗಿದಲ್ಲೇ ಮಲಗಿದವರಿಗೆ ಬೆನ್ನು, ಸೊಂಟ, ಹಿಮ್ಮಡಿ ಒತ್ತಿ ಒತ್ತಿ ಹುಣ್ಣಾಗುತ್ತದೆ. ಹಾಸಿಗೆ ಹುಣ್ಣು ಅನ್ನುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಅದು ಬಂದೇ ಬರುತ್ತದೆ. ತನ್ನ ವಾರ್ಡಿನಲ್ಲಿ ಹಾಗೊಂದು ಹುಣ್ಣಾಗದೆ ಎಷ್ಟು ದಿನವಾಯಿತೆಂದು ಗಡಿಯಾರ ಸಿಸ್ಟರ್ ದಿನವೂ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಈ ಕತೆ ನಡೆಯುವ ಹೊತ್ತಿಗೆ ಅದು ಸಾವಿರದ ಮುನ್ನೂರು ದಾಟಿತ್ತು. ಬೇರೆ ವಾರ್ಡಿನವರು ಆ ಕಡೆ ಹೋಗುವಾಗ ಹಲಗೆಯತ್ತ ಒಮ್ಮೆ ಓರೆಗಣ್ಣಲ್ಲಿ ನೋಡಿಕೊಂಡೇ ಹೋಗುತ್ತಿದ್ದರು. ಸಂಜೆ ಮನೆಗೆ ಹೋಗಿ ಕೈಕಾಲು ತೊಳೆದುಕೊಂಡ ಮೇಲೆ ಅಮ್ಮನಿಗೆ ಅವಳು ಹೇಳುವ ಮೊದಲ ಸುದ್ದಿ ಅವತ್ತಿನ ಅಂಕಿಯೇ.

ಹೀಗೆ ಎಲ್ಲ ಸರಿಯಾಗಿ ನಡೆಯುತ್ತಿದ್ದ ವಾರ್ಡಿಗೆ ಆ ಹುಡುಗಿ ಬಂದಳು.

ಹುಡುಗಿ ಅಂದರೆ ಮೂವತ್ತು ದಾಟಿದವಳೇ, ಎರಡು ಆಸ್ಪತ್ರೆ ನೋಡಿ ಬಂದವಳು. ನೋಡಲು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಕೆಲಸದಲ್ಲೂ ಚುರುಕು ಎನ್ನುವಂತಿರಲಿಲ್ಲ, ತಪ್ಪೂ ಮಾಡುತ್ತಿರಲಿಲ್ಲ. ಆದರೆ ಮೊದಲ ದಿನವೇ ಅವಳು ಒಂದು ಸ್ಟೂಲನ್ನು ಎಳೆದುಕೊಂಡು ಒಂದನೇ ಹಾಸಿಗೆಯ ಪಕ್ಕ ಕೂತುಬಿಟ್ಟಳು. ಎರಡು ನಿಮಿಷ ಕೂತು ಎದ್ದಳು, ಎರಡನೇ ಹಾಸಿಗೆಯ ಪಕ್ಕ ಕೂತಳು. ಹೀಗೆ ಇಪ್ಪತ್ತೆರಡು ಹಾಸಿಗೆಗೂ ಸ್ಟೂಲಿನ ಮೆರವಣಿಗೆ ನಡೆಯಿತು. ಮೂರನೇ ದಿನದ ಹೊತ್ತಿಗೆ ಅವಳಿಗೂ ಹೆಸರು ಬಿತ್ತು, ಸ್ಟೂಲ್ ಸಿಸ್ಟರ್ ಅಂತ. ವಾರ ಕಳೆಯುವುದರೊಳಗೆ ರೋಗಿಗಳು ಗಡಿಯಾರ ಸಿಸ್ಟರ್ ಹತ್ತಿರ ಬಂದರೆ ಅವಳ ಭುಜದ ಆಚೆಗೆ ಕತ್ತು ಚಾಚಿ, ಸ್ಟೂಲ್ ಸಿಸ್ಟರ್ ಇವತ್ತು ರಜೆಯಾ ಎಂದು ಕೇಳತೊಡಗಿದರು.

ಇಂಜೆಕ್ಷನ್ ಕೊಡುತ್ತಿರುವ ಕೈಯ ಯಜಮಾನಿಯನ್ನು ಹಾಗೆ ಕೇಳಬಾರದು. ಪಾಪ, ಅವರಿಗೇನು ಗೊತ್ತು.

ಗಡಿಯಾರ ಸಿಸ್ಟರ್ ತನಗಾದದ್ದನ್ನು ಹೊಟ್ಟೆಕಿಚ್ಚು ಎಂದು ಕರೆಯಲಿಲ್ಲ, ಶಿಸ್ತು ಎಂದು ಕರೆದಳು. ನಾವೂ ಸ್ವಲ್ಪ ಹೊತ್ತು ಹಾಗೇ ಕರೆಯೋಣ. ಆ ಶಿಸ್ತಿನ ಸಲುವಾಗಿ ಅವಳು ಎದೆಯ ಮೇಲೆ ಪಿನ್ನು ಹಾಕಿಕೊಂಡ ಪುಟ್ಟ ಗಡಿಯಾರ ನೋಡಿಕೊಂಡು, ಆ ಹುಡುಗಿ ದಿನಕ್ಕೆ ನಲವತ್ತನಾಲ್ಕು ನಿಮಿಷ ಕೂತೇ ಕಳೆಯುತ್ತಾಳೆಂದು ಒಂದು ಚೀಟಿಯಲ್ಲಿ ಬರೆದಿಟ್ಟಳು. ಹುಡುಗಿ ಬಂದ ಮೇಲೆ ರೋಗಿಗಳು ಕರೆಗಂಟೆ ಒತ್ತುವುದು ಅರ್ಧಕ್ಕರ್ಧ ಕಡಿಮೆಯಾಗಿದೆ ಅನ್ನುವುದನ್ನೂ ಗಮನಿಸಿದಳು. ಅದನ್ನು ಬರೆಯಲಿಲ್ಲ.

ಒಂದು ದಿನ ಕರೆದು ಕೇಳಿಯೇಬಿಟ್ಟಳು, ಅಷ್ಟು ಹೊತ್ತು ಕೂತು ಅದೇನು ಮಾತಾಡುತ್ತೀ ಎಂದು.

"ನಾನೇನೂ ಮಾತಾಡಲ್ಲ ಸಿಸ್ಟರ್," ಎಂದಳು ಅವಳು. "ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಹೇಳ್ಬೇಕು ಅಂದ್ಕೊಂಡು ಹೇಳದೇ ಬಿಟ್ಟಿದ್ದು ಏನಾದ್ರೂ ಇದೆಯಾ ಅಂತ. ಆಮೇಲೆ ಸುಮ್ನೆ ಕೂತಿರ್ತೀನಿ. ನಿಂತ್ಕೊಂಡು ಕೇಳಿದ್ರೆ ಎಲ್ರೂ ಏನಿಲ್ಲ ಅಂತಾರೆ."

ಇದಕ್ಕೆ ಬೈಯಲು ಏನೂ ಸಿಗಲಿಲ್ಲ. ಸಿಗದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು. ಅದೇ ವಾರ ಏಳನೇ ಹಾಸಿಗೆಯ ಗುಮಾಸ್ತೆ, ಚಿವುಟಿದರೂ ಮಾತಾಡದ ಹೆಂಗಸು, ಸ್ಟೂಲ್ ಸಿಸ್ಟರಿಗೆ ದಿಂಬಿನ ಚೀಲ ಬಿಚ್ಚಿ ತೋರಿಸಿದಳು. ಒಳಗೆ ಹನ್ನೊಂದು ಮಾತ್ರೆಗಳಿದ್ದವು. ನುಂಗಿದರೆ ವಾಂತಿ ಬರುತ್ತದೆ, ಹೇಳಿದರೆ ದೊಡ್ಡ ಸಿಸ್ಟರ್ ಏನಂತಾರೋ ಎಂದು ಕೆನ್ನೆಯಲ್ಲಿ ಇಟ್ಟುಕೊಂಡು ಆಮೇಲೆ ಉಗುಳಿ ಬಚ್ಚಿಟ್ಟಿದ್ದಳಂತೆ. ಹನ್ನೊಂದೂ ಎಂಟು ಗಂಟೆಗೆ ಸರಿಯಾಗಿ ಗಡಿಯಾರ ಸಿಸ್ಟರ್ ತಾನೇ ನಿಂತು ಕೊಟ್ಟ ಮಾತ್ರೆಗಳು. ಡಾಕ್ಟರು ಔಷಧಿ ಬದಲಿಸಿದರು, ಸ್ಟೂಲ್ ಸಿಸ್ಟರನ್ನು ಎಲ್ಲರೆದುರು ಹೊಗಳಿದರು. ಗಡಿಯಾರ ಸಿಸ್ಟರ್ ನಿಂತು ಕೇಳಿಸಿಕೊಂಡಳು. ಆಮೇಲೆ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಕೈ ತೊಳೆದುಕೊಂಡಳು.

ಮಾರನೆಯ ದಿನ ವಾರ್ಡಿನ ಸ್ಟೂಲುಗಳೆಲ್ಲ ಉಗ್ರಾಣಕ್ಕೆ ಹೋದವು. ಟ್ರಾಲಿಗೆ ಅಡ್ಡ ಬರುತ್ತವೆ ಎಂಬ ಕಾರಣ ಕೊಟ್ಟಾಯಿತು. ಸ್ಟೂಲ್ ಸಿಸ್ಟರ್ ಒಂದು ಕ್ಷಣ ಅತ್ತಿತ್ತ ನೋಡಿದಳು, ಒಂದನೇ ಹಾಸಿಗೆಯ ಪಕ್ಕ ನೆಲಕ್ಕೆ ಮಂಡಿಯೂರಿ ಕೂತುಕೊಂಡಳು. ಮೊದಲು ರೋಗಿಗಳಿಗೆ ಅವಳ ಮೇಲೆ ಪ್ರೀತಿ ಇತ್ತು, ಈಗ ಅದರ ಜೊತೆ ಅಯ್ಯೋ ಪಾಪ ಅನ್ನುವುದೂ ಸೇರಿಕೊಂಡಿತು. ಗಡಿಯಾರ ಸಿಸ್ಟರ್ ತನ್ನ ಕೈಯಾರೆ ಅದನ್ನೂ ಅವಳಿಗೆ ದಾನ ಮಾಡಿದಂತಾಯಿತು.

ಇಷ್ಟಾಗಿದ್ದರೆ ಇದು ಎಲ್ಲ ಕಚೇರಿಯಲ್ಲೂ ನಡೆಯುವ ಮಾತು, ಬರೆಯುವಂಥದ್ದೇನಿಲ್ಲ. ಆದರೆ ಆ ತಿಂಗಳೇ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದಳು.

ಅಮ್ಮ ದರ್ಜಿ. ಗಂಡ ಹೋದಾಗ ಮಗಳಿಗೆ ಒಂಬತ್ತು ವರ್ಷ. ಅವತ್ತಿನಿಂದ ಹೊಲಿಗೆ ಯಂತ್ರ ತುಳಿದೇ ಮಗಳನ್ನು ಓದಿಸಿ ನರ್ಸ್ ಮಾಡಿದವಳು. ಎರಡು ಕೋಣೆಯ ಮನೆ. ಒಂದರಲ್ಲಿ ಯಂತ್ರ, ಬಟ್ಟೆಯ ರಾಶಿ, ಇನ್ನೊಂದರಲ್ಲಿ ಇಬ್ಬರ ಮಂಚ. ಎಪ್ಪತ್ತೆರಡು ಆದರೂ ದಾರ ಪೋಣಿಸಲು ಕನ್ನಡಕ ಬೇಕಿರಲಿಲ್ಲ. ಮಗಳ ಸಮವಸ್ತ್ರ ಇವತ್ತಿಗೂ ಅಮ್ಮ ಹೊಲಿದದ್ದೇ. ಇಬ್ಬರೂ ಮಾತು ಕಡಿಮೆ. ಮಗಳು ಅಂಕಿ ಹೇಳುತ್ತಿದ್ದಳು, ಅಮ್ಮ ಭೇಷ್ ಅನ್ನುತ್ತಿದ್ದಳು, ಊಟ ಆಗುತ್ತಿತ್ತು. ಜಗತ್ತಿನಲ್ಲಿ ಗಡಿಯಾರ ಸಿಸ್ಟರಿಗೆ ತನ್ನದು ಅಂತ ಇದ್ದದ್ದು ಆ ಒಬ್ಬಳೇ. ಅಮ್ಮನ ಪಾಲಿಗೂ ತಾನೊಬ್ಬಳೇ ಎಂದು ಅವಳು ನಂಬಿದ್ದಳು, ಅದರ ಬಗ್ಗೆ ಕೂತು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಆಗಿ, ಅಮ್ಮ ಹೆಂಗಸರ ವಾರ್ಡಿನ ಹದಿನಾಲ್ಕನೇ ಹಾಸಿಗೆಗೆ ಬಂದಳು. ಈಗಿನ ಮೇಟ್ರನ್ ಬೇರೆ ವಾರ್ಡಿಗೆ ಹಾಕೋಣವೇ ಎಂದು ಕೇಳಿದ್ದರು. ನಮ್ಮಮ್ಮ ನನ್ನ ವಾರ್ಡಿನಲ್ಲೇ ಇರಲಿ, ಇನ್ಯಾರ ಕೈಗೂ ಕೊಡಲಾರೆ ಎಂದವಳು ಇವಳೇ.

ಕೊಡಲಾರೆ ಎಂದಳು ನಿಜ, ಆದರೆ ತನ್ನ ಕೈಯನ್ನೂ ಪೂರ್ತಿ ಕೊಡಲಿಲ್ಲ. ತಾಯಿ ಎಂದು ಎರಡು ನಿಮಿಷ ಹೆಚ್ಚು ನಿಂತರೆ ಉಳಿದ ಇಪ್ಪತ್ತೊಂದು ಹಾಸಿಗೆ ನೋಡುತ್ತಿರುತ್ತವೆ ಎಂಬ ಹೆದರಿಕೆ ಅವಳಿಗೆ. ಹಾಗಾಗಿ ಉಳಿದವರ ಹತ್ತಿರ ಐದು ನಿಮಿಷ ನಿಂತರೆ ಅಮ್ಮನ ಹತ್ತಿರ ನಾಲ್ಕೇ ನಿಮಿಷ. ಬಂದಳು, ಮಗ್ಗುಲು ಬದಲಿಸಿದಳು, ಬೆನ್ನು ನೋಡಿದಳು, ಪುಡಿ ಹಚ್ಚಿದಳು, ಮಂಚದ ಕಾಲಿಗೆ ತೂಗುಹಾಕಿದ ಹಾಳೆಯಲ್ಲಿ ಒಂದೊಂದು ಚೌಕಕ್ಕೂ ಗುರುತು ಹಾಕಿ ಪಕ್ಕದಲ್ಲಿ ತನ್ನ ಸಹಿ ಮಾಡಿದಳು, ಹೋದಳು. ಬೆನ್ನು, ಸೊಂಟ, ಮೊಣಕೈ, ಹಿಮ್ಮಡಿ. ಅಮ್ಮ ಕಾಲು ತಣ್ಣಗಾಗುತ್ತದೆ ಎಂದು ಉಣ್ಣೆಯ ಕಾಲುಚೀಲ ಹಾಕಿಕೊಂಡಿದ್ದಳು. ಬಿಚ್ಚಲು ಹೋದರೆ, "ಬೇಡ ಕಣೆ, ಚಳಿ. ಕಾಲು ಚೆನ್ನಾಗಿದೆ, ನೀನು ಹೋಗು, ನಿನಗೆ ಕೆಲಸ ಇದೆ" ಎನ್ನುತ್ತಿದ್ದಳು. ಬೇರೆ ಯಾರೇ ಆಗಿದ್ದರೂ ಗಡಿಯಾರ ಸಿಸ್ಟರ್ ಕಾಲುಚೀಲ ಎಳೆದು ತೆಗೆದು, ಹಿಮ್ಮಡಿಯನ್ನು ಬೆಳಕಿಗೆ ಹಿಡಿದು ನೋಡಿಯೇ ಮುಂದಿನ ಮಾತು ಆಡುತ್ತಿದ್ದಳು. ಅಮ್ಮ ಚೆನ್ನಾಗಿದೆ ಅಂದಮೇಲೆ ಚೆನ್ನಾಗಿದೆ. ಅಮ್ಮ ಯಾವತ್ತು ಸುಳ್ಳು ಹೇಳಿದ್ದಳು?

ಇತ್ತ ಸ್ಟೂಲ್ ಸಿಸ್ಟರ್ ಹದಿನಾಲ್ಕನೇ ಹಾಸಿಗೆಯ ಪಕ್ಕವೂ ಮಂಡಿಯೂರಿದಳು. ಉಳಿದ ಮುದುಕಿಯರನ್ನೆಲ್ಲ ಅಜ್ಜಿ ಎನ್ನುತ್ತಿದ್ದವಳು ಇವಳನ್ನು ಮಾತ್ರ ಅಮ್ಮ ಎಂದು ಕರೆಯುತ್ತಿದ್ದಳು. ಯಾಕಂತೆ? ಅಮ್ಮನೇ ಹಾಗೆ ಕರಿ ಅಂದಳಂತೆ. ಗಡಿಯಾರ ಸಿಸ್ಟರ್ ಔಷಧಿಯ ಟ್ರಾಲಿ ತಳ್ಳಿಕೊಂಡು ಹೋಗುವಾಗ ಆ ಕಡೆಯಿಂದ ನಗು ಕೇಳಿತು. ಅಮ್ಮ ನಗುತ್ತಿದ್ದಳು, ಅದೂ ಹೊಟ್ಟೆ ಹಿಡಿದುಕೊಂಡು ನಗುವ ನಗು. ತಾನು ಮೊದಲ ಸಲ ಹೊಲಿದ ಫ್ರಾಕಿಗೆ ಕೈ ತೂರುವ ಜಾಗ ಬಿಡುವುದನ್ನೇ ಮರೆತದ್ದನ್ನು ಹೇಳುತ್ತಿದ್ದಳು. ಐವತ್ತು ವರ್ಷದಲ್ಲಿ ಮಗಳಿಗೆ ಆ ಕತೆ ಹೇಳಿರಲಿಲ್ಲ. ಎಂಟನೇ ಹಾಸಿಗೆಯವಳಿಗೆ ಕೊಡಬೇಕಾದ ಮಾತ್ರೆಯನ್ನು ಒಂಬತ್ತರವಳ ಬಟ್ಟಲಿಗೆ ಹಾಕಿ, ಕಂಡು, ತೆಗೆದಳು. ಇಪ್ಪತ್ತೇಳು ವರ್ಷದಲ್ಲಿ ಅದೇ ಮೊದಲು.

ಆಮೇಲೆ ಜೇಬಿನ ವಿಷಯ. ಸ್ಟೂಲ್ ಸಿಸ್ಟರಿನ ಸಮವಸ್ತ್ರದ ಜೇಬು ಹರಿದು ಜೋತಾಡುತ್ತಿತ್ತು. ಒಂದು ದಿನ ನೋಡಿದರೆ ಅದು ಹೊಲಿಗೆ ಹಾಕಿಸಿಕೊಂಡು ಗಟ್ಟಿಯಾಗಿ ಕೂತಿದೆ. ಒಂದೇ ಅಳತೆಯ ಒತ್ತೊತ್ತು ಹೊಲಿಗೆ, ತುದಿಯಲ್ಲಿ ಮೂರು ಗಂಟು. ಆ ಮೂರು ಗಂಟು ಯಾರದೆಂದು ಗಡಿಯಾರ ಸಿಸ್ಟರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಲಗಿದಲ್ಲಿಂದಲೇ ಸೂಜಿ ದಾರ ತರಿಸಿಕೊಂಡು ಹೊಲಿದುಕೊಟ್ಟಿದ್ದಾಳೆ. ಮೈಗೆಲ್ಲ ಮೆಣಸಿನಪುಡಿ ಹಚ್ಚಿದಂತಾಯಿತು ಅವಳಿಗೆ. ಇನ್ನು ಶಿಸ್ತು ಗಿಸ್ತು ಎಂದು ಹೇಳಿ ಪ್ರಯೋಜನವಿಲ್ಲ. ಅದು ಹೊಟ್ಟೆಕಿಚ್ಚೇ, ಅವಳಿಗೂ ಈಗ ಗೊತ್ತಾಯಿತು. ರೋಗಿಗಳನ್ನು ತಗೊಂಡಳು, ಡಾಕ್ಟರನ್ನು ತಗೊಂಡಳು, ಈಗ ಅಮ್ಮನಿಗೂ ಕೈ ಹಾಕಿದ್ದಾಳೆ ಎಂದು ಹಲ್ಲು ಕಡಿದಳು.

ಆಪರೇಷನ್ ಆದ ಒಂಬತ್ತನೇ ದಿನ. ಬೆಳಗಿನ ಹತ್ತು ಗಂಟೆಗೆ ಹದಿನಾಲ್ಕನೇ ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಒಳಗೆ ಪಿಸುಮಾತು. ಗಡಿಯಾರ ಸಿಸ್ಟರ್ ಹದಿಮೂರನೇ ಹಾಸಿಗೆಯ ಬಟ್ಟೆ ಸರಿಮಾಡುವ ನೆಪದಲ್ಲಿ, ಸರಿಯಿದ್ದ ಬಟ್ಟೆಯನ್ನೇ ಮೂರು ಸಲ ಸರಿಮಾಡಿದಳು. ಕಿವಿ ಪೂರ್ತಿ ಪರದೆಯ ಕಡೆ. ಅಮ್ಮನ ದನಿ ಕೇಳಿತು: "ಅವಳಿಗೆ ಮಾತ್ರ ಗೊತ್ತಾಗೋದು ಬೇಡ. ನನ್ನಾಣೆ ಇದೆ ನಿನಗೆ." ಹುಡುಗಿ ಏನೋ ಹೇಳಿದಳು, ಕೇಳಿಸಲಿಲ್ಲ. ಅಮ್ಮ ಮೂಗು ಎಳೆದುಕೊಂಡಂತಾಯಿತು.

ಅಮ್ಮನೂ ಅವಳೂ ಸೇರಿ ತನ್ನಿಂದ ಮುಚ್ಚಿಡುವಂಥದ್ದು! ತನ್ನ ಮೇಲೆ ದೂರು ಹೇಳುತ್ತಿರಬೇಕು, ಮಗಳು ಕಲ್ಲು, ಹತ್ತಿರ ನಿಲ್ಲುವುದಿಲ್ಲ ಅಂತ. ಗಡಿಯಾರ ಸಿಸ್ಟರ್ ನೇರ ಮೇಟ್ರನ್ ಕೋಣೆಗೆ ಹೋದಳು. ನಲವತ್ತನಾಲ್ಕು ನಿಮಿಷದ ಚೀಟಿ ಮುಂದಿಟ್ಟಳು. ಹೊಸಬಳು ಕೆಲಸದ ಹೊತ್ತು ಹಾಳು ಮಾಡುತ್ತಾಳೆ, ರೋಗಿಗಳನ್ನು ಮುದ್ದು ಮಾಡಿ ಕೆಡಿಸುತ್ತಾಳೆ, ನನ್ನ ವಾರ್ಡಿಗೆ ಆಗಿಬರುವುದಿಲ್ಲ ಎಂದಳು. ಮೇಟ್ರನ್ ಸೋಜಿಗದಿಂದ ನೋಡಿದರು. ಇಷ್ಟು ವರ್ಷದಲ್ಲಿ ಇವಳು ಯಾರ ಮೇಲೂ ಚಾಡಿ ಹೇಳಿದವಳಲ್ಲ. ಹಾಗಾಗಿಯೇ ನಂಬಿದರು. ನಾಳೆಯಿಂದ ಆ ಹುಡುಗಿ ಮಕ್ಕಳ ವಾರ್ಡಿಗೆ ಎಂದು ಒಂದು ಕಾಗದ ಬರೆದು ಮೊಹರು ಒತ್ತಿ ಕೊಟ್ಟರು.

ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು ವಾಪಸು ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಆ ಹತ್ತು ನಿಮಿಷ ಅವಳು ನಿಜವಾಗಿಯೂ ಸುಖವಾಗಿದ್ದಳು ಎಂದೇ ಹೇಳಬೇಕು. ಈಗಲೇ, ಅಮ್ಮನ ಎದುರಿಗೇ ಕೊಡೋಣ ಎಂದುಕೊಂಡು ಪರದೆಯನ್ನು ಸರಕ್ಕನೆ ಎಳೆದಳು.

ಅಮ್ಮನ ಕಾಲುಚೀಲ ಮಂಚದ ಮೇಲಿತ್ತು. ಸ್ಟೂಲ್ ಸಿಸ್ಟರ್ ಮಂಡಿಯೂರಿ ಕೂತು, ಆಪರೇಷನ್ ಆದ ಕಾಲಿನ ಮೀನಖಂಡದ ಕೆಳಗೆ ದಿಂಬು ತೂರಿಸಿ ಹಿಮ್ಮಡಿಯನ್ನು ಹಾಸಿಗೆಯಿಂದ ಮೇಲೆ ಎತ್ತಿದ್ದಳು. ಹಿಮ್ಮಡಿಯಲ್ಲಿ ದೊಡ್ಡ ನಾಣ್ಯದಷ್ಟು ಅಗಲಕ್ಕೆ ಚರ್ಮ ಕಪ್ಪಿಟ್ಟಿತ್ತು, ಅಂಚು ಬಾಯಿಬಿಟ್ಟು ನೀರು ಒಸರುತ್ತಿತ್ತು.

ಗಡಿಯಾರ ಸಿಸ್ಟರಿಗೆ ಒಂದು ನೋಟ ಸಾಕಾಯಿತು. ಇದು ಇವತ್ತಿನದಲ್ಲ, ನಿನ್ನೆಯದೂ ಅಲ್ಲ. ನಾಲ್ಕು ದಿನದ್ದು, ಐದೂ ಇರಬಹುದು.

"ಉರಿ ಅಂತ ಅಮ್ಮ ಹೇಳಿದ್ರು, ನಾನು ಈಗ ಬೆಳಿಗ್ಗೆ ನೋಡಿದೆ ಸಿಸ್ಟರ್," ಎಂದಳು ಹುಡುಗಿ, ಎದ್ದು ನಿಂತು. "ಅಮ್ಮ ಆಣೆ ಹಾಕಿದ್ರು. ಆಣೆ ಗೀಣೆ ಆಗಲ್ಲ, ಮಗಳಿಗೆ ನೀವೇ ಹೇಳಿ, ಮಧ್ಯಾಹ್ನದ ಒಳಗೆ ನೀವು ಹೇಳದಿದ್ರೆ ನಾನೇ ಹೇಳ್ತೀನಿ ಅಂದಿದ್ದೆ. ಡಾಕ್ಟರಿಗೆ ಹೇಳಿ ಕಳಿಸಿದೀನಿ."

ಗಡಿಯಾರ ಸಿಸ್ಟರ್ ಅವಳ ಮಾತು ಕೇಳುತ್ತಿರಲಿಲ್ಲ. ಮಂಚದ ಕಾಲಿನ ಹಾಳೆ ತೆಗೆದು ನೋಡುತ್ತಿದ್ದಳು. ಹಿಮ್ಮಡಿ ಎಂಬ ಚೌಕ ಎಲ್ಲ ದಿನವೂ ತುಂಬಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಒಂದೊಂದು ಗುರುತಿನ ಪಕ್ಕವೂ ಅವಳದೇ ದುಂಡನೆಯ ಸಹಿ. ಅವಳು ಬೇಗ ಮನೆಗೆ ಹೋದ ದಿನ ಒಂದೇ ಒಂದು ಬೇರೆ ಸಹಿ ಇತ್ತು, ಅದು ಸಂಜೆಯ ನರ್ಸಿನದು, ಅವಳೂ ದೊಡ್ಡ ಸಿಸ್ಟರ್ ನೋಡಿರುತ್ತಾರೆಂದು ಗುರುತು ಹಾಕಿದ್ದಳು. ಕಣ್ಣಿಂದ ನೋಡದೆ ಗುರುತು ಹಾಕಿದ್ದಕ್ಕೆ ಗಡಿಯಾರ ಸಿಸ್ಟರ್ ಹಿಂದೆ ಎಷ್ಟು ಹುಡುಗಿಯರನ್ನು ಅಳಿಸಿದ್ದಳೋ ಲೆಕ್ಕವಿಲ್ಲ. ಈಗ ನೋಡದೆ ಹಾಕಿದ ಹತ್ತಾರು ಗುರುತುಗಳು ಅವಳ ಕೈಯಲ್ಲೇ ಇದ್ದವು, ಸ್ವಂತ ತಾಯಿಯ ಹಾಳೆಯಲ್ಲಿ.

ಹುಡುಗಿ ಡಾಕ್ಟರನ್ನು ನೋಡಿಬರುತ್ತೇನೆಂದು ಪರದೆ ಸರಿಸಿ ಆಚೆ ಹೋದಳು. ಬೇಕೆಂದೇ ಹೋದಳು.

ಯಾಕೆ ಹೇಳಲಿಲ್ಲ ಎಂದು ಮಗಳು ಕೇಳಿದಳು. ದನಿ ವಾರ್ಡಿನ ದನಿಯೇ, ಗಟ್ಟಿ, ಒಣ. ಅಮ್ಮ ಮೊದಲು ಕಿಟಕಿ ನೋಡಿದಳು. ಆಮೇಲೆ, ನಾಲ್ಕು ದಿನದ ಹಿಂದೆಯೇ ಉರಿ ಶುರುವಾಯಿತು ಎಂದಳು. ಬಾಗಿಲ ಹತ್ತಿರದ ಆ ಅಂಕಿ ಸೊನ್ನೆ ಆಗಿಬಿಡುತ್ತದಲ್ಲ, ಅದೂ ತನ್ನಿಂದ, ಎಂದು ಕಾಲುಚೀಲ ಹಾಕಿಕೊಂಡೇ ಇದ್ದಳಂತೆ. ಮನೆಗೆ ಹೋದ ಮೇಲೆ ಯಾವುದಾದರೂ ಮುಲಾಮು ಹಚ್ಚಿಕೊಂಡರಾಯಿತು ಎಂದುಕೊಂಡಿದ್ದಳಂತೆ. ಮೂರೂವರೆ ವರ್ಷ ದಿನಾ ಊಟಕ್ಕೆ ಮೊದಲು ನೀನು ಆ ಅಂಕಿ ಹೇಳ್ತಿದ್ದೆ, ಅದನ್ನ ನಾನು ಹಾಳು ಮಾಡ್ಲಾ ಎಂದು ಕೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ, ಇನ್ನೂ ಬೇರೆ ಯಾರೂ ನೋಡಿಲ್ಲವಲ್ಲ, ಡಾಕ್ಟರು ಬರುವ ಮುಂಚೆ ಕಾಲುಚೀಲ ಹಾಕಿಬಿಡು ಎಂದಳು.

"ನೀನು ಅವಳಿಗೆ ಹೇಳಿದೆ," ಎಂದಳು ಮಗಳು. ಹುಣ್ಣಿನ ಎದುರು ನಿಂತೂ ಅವಳ ಬಾಯಿಗೆ ಬಂದದ್ದು ಅದೇ. "ನನಗೆ ಹೇಳಲಿಲ್ಲ, ಅವಳಿಗೆ ಹೇಳಿದೆ."



"ನಿನ್ನ ಮುಂದೆ ನನಗೆ ಅಳೋಕೆ ಆಗಲ್ಲ ಕಣೆ," ಎಂದಳು ಅಮ್ಮ. "ನಿಮ್ಮಪ್ಪ ಹೋದ ದಿನ ನಾನು ಅತ್ತಿದ್ದಕ್ಕೆ ನೀನು ಮೂರು ದಿನ ಅನ್ನ ಮುಟ್ಟಲಿಲ್ಲ. ಒಂಬತ್ತು ವರ್ಷದವಳು. ಅವತ್ತೇ ನಿಲ್ಲಿಸಿಬಿಟ್ಟೆ. ಆಮೇಲೆ ಅಭ್ಯಾಸ ಆಗೋಯ್ತು. ನೀನು ಬಂದು ನಿಂತ್ರೆ ನನ್ನ ಬಾಯಲ್ಲಿ ಚೆನ್ನಾಗಿದೀನಿ ಅಂತಾನೇ ಬರುತ್ತೆ. ಅವಳು ಯಾರೋ. ಅವಳ ಮುಂದೆ ಅತ್ರೆ ಯಾರಿಗೂ ಏನೂ ಆಗಲ್ಲ."

ಮಗಳಿಗೆ ಆ ಮೂರು ದಿನ ನೆನಪಿರಲಿಲ್ಲ. ಹೊಲಿಗೆ ಯಂತ್ರದ ಸದ್ದು ನೆನಪಿತ್ತು, ಅಷ್ಟೇ. ಅಮ್ಮನ ಕಾಲಿನ ಹತ್ತಿರ ನಿಂತಲ್ಲೇ ನಿಂತಿದ್ದಳು. ಕೂರಬೇಕೆನಿಸಿತು, ಕೂರಲು ವಾರ್ಡಿನಲ್ಲಿ ಒಂದು ಸ್ಟೂಲೂ ಇರಲಿಲ್ಲ.

ಕಾಲುಚೀಲ ಅವಳ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅವಳು ಅದನ್ನು ಎತ್ತಿಕೊಂಡಳು. ಅಮ್ಮ ಕಾಲು ಚಾಚಿದಳು. ಮಗಳು ಅದನ್ನು ಸುರುಳಿ ಸುತ್ತಿ ಕೊಳೆಬಟ್ಟೆಯ ಬುಟ್ಟಿಗೆ ಹಾಕಿ, ಹಾಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಆಚೆ ಹೋದಳು.

ಮೇಟ್ರನ್ ಇನ್ನೂ ಕೋಣೆಯಲ್ಲೇ ಇದ್ದರು. ಒಂದು ಗಂಟೆಯೊಳಗೆ ಎರಡನೇ ಸಲ ಬಂದ ಗಡಿಯಾರ ಸಿಸ್ಟರನ್ನು ನೋಡಿ, ಮತ್ತೇನಮ್ಮಾ ಎಂದರು. ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು, ಹದಿನಾಲ್ಕನೇ ಹಾಸಿಗೆಗೆ ಹಿಮ್ಮಡಿಯಲ್ಲಿ ಹುಣ್ಣಾಗಿದೆ, ನೋಡದೆ ಗುರುತು ಹಾಕಿದವಳು ನಾನು ಎಂದಳು. ಕಂಡುಹಿಡಿದವಳು ಆ ಹುಡುಗಿ ಎಂದೂ ಹೇಳಿದಳು. ಆ ವಾಕ್ಯ ಎರಡು ತುಂಡಾಗಿ ಬಂತು. ಆಮೇಲೆ ಜೇಬಿನಲ್ಲಿದ್ದ ಕಾಗದ ವಾಪಸು ಕೊಟ್ಟಳು. ಯಾಕೆ ಬರೆಸಿಕೊಂಡು ಹೋದೆ, ಯಾಕೆ ಹಿಂದಕ್ಕೆ ಕೊಡುತ್ತೀ ಎಂದು ಮೇಟ್ರನ್ ಕೇಳಿದರು.

"ಹೊಟ್ಟೆಕಿಚ್ಚಿಗೆ ಬರೆಸಿಕೊಂಡೆ ಮೇಡಂ," ಎಂದಳು.

ಮೇಟ್ರನ್ ಆ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. ಲಿಖಿತ ವಿವರಣೆ ಕೊಡು, ಇವತ್ತಿನಿಂದ ನಿಮ್ಮಮ್ಮನ ಹಾಸಿಗೆಗೆ ನೀನು ನರ್ಸ್ ಅಲ್ಲ, ಬೇರೆಯವರು ನೋಡಿಕೊಳ್ಳುತ್ತಾರೆ, ಯಾರೆಂದು ನೀನೇ ಹೇಳು ಎಂದರು. ಅದು ಶಿಕ್ಷೆಯೋ ಕರುಣೆಯೋ ಗೊತ್ತಾಗುವಂತಿರಲಿಲ್ಲ. ಗಡಿಯಾರ ಸಿಸ್ಟರ್ ಆ ಹುಡುಗಿಯ ಹೆಸರನ್ನೇ ಹೇಳಿದಳು.

ವಾರ್ಡಿಗೆ ಬಂದು ಹಲಗೆ ಒರೆಸಿದಳು. ಸಾವಿರದ ಮುನ್ನೂರ ಹದಿನೇಳು ಹೋಗಿ ಸೊನ್ನೆ ಬಂತು. ಬೇರೆ ವಾರ್ಡಿನವರು ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರಾಗಿ ಏನೋ ಕೆಲಸವಿದ್ದಂತೆ ಬಂದು ನೋಡಿಕೊಂಡು ಹೋದರು. ಒಂದಿಬ್ಬರು ಛೇ ಛೇ ಎಂದರು, ಎನ್ನುವಾಗ ಮುಖದಲ್ಲಿ ಸಂತೋಷ ಒದ್ದಾಡುತ್ತಿತ್ತು. ಅವರದೂ ಹೊಟ್ಟೆಕಿಚ್ಚೇ, ತನ್ನ ಜಾತಿಯವರೇ ಎಂದು ಗಡಿಯಾರ ಸಿಸ್ಟರಿಗೆ ಅವತ್ತು ಮೊದಲ ಸಲ ನಗು ಬಂತು. ಸಂಜೆ ಹೋಗುವ ಮುಂಚೆ ಉಗ್ರಾಣದ ಬೀಗ ತೆಗೆಸಿ ಸ್ಟೂಲುಗಳನ್ನು ತರಿಸಿದಳು.

ಮಾರನೆಯ ದಿನ ರಜೆ ಹಾಕಿದಳು. ನಾಲ್ಕು ಗಂಟೆಗೆ, ನೆಂಟರನ್ನು ಬಿಡುವ ಹೊತ್ತಿಗೆ, ಮನೆಯ ಬಟ್ಟೆಯಲ್ಲಿ ಬಂದು ಎಲ್ಲರ ಜೊತೆ ಸಾಲಿನಲ್ಲಿ ನಿಂತಳು. ಬಾಗಿಲ ಕಾವಲಿನವನು ಸೆಲ್ಯೂಟ್ ಹೊಡೆದು ಮುಂದೆ ಬನ್ನಿ ಎಂದ. ಬೇಡಪ್ಪ, ನಾನಿವತ್ತು ಹದಿನಾಲ್ಕನೇ ಹಾಸಿಗೆಯವರ ಮಗಳು ಎಂದು ಅಲ್ಲೇ ನಿಂತಳು.

ಒಳಗೆ ಹೋದಾಗ ಪರದೆ ಎಳೆದಿತ್ತು. ಹುಣ್ಣಿನ ಸತ್ತ ಚರ್ಮ ಕತ್ತರಿಸಿ ತೊಳೆಯುತ್ತಿದ್ದರು. ಔಷಧಿ ಕೊಟ್ಟರೂ ಆ ನೋವು ಎಷ್ಟೆಂದು ಅವಳಿಗೆ ಗೊತ್ತು. ಸ್ಟೂಲ್ ಸಿಸ್ಟರ್ ಪರದೆಯ ಸಂದಿಯಿಂದ ಮುಖ ಹೊರಗೆ ಹಾಕಿ, ಅವಳನ್ನು ಕಂಡು ತಡವರಿಸಿದಳು. ನೀವು ಒಳಗೆ ಬರ್ತೀರಾ ಸಿಸ್ಟರ್ ಎಂದು ಕೇಳಿದಳು. ಗಡಿಯಾರ ಸಿಸ್ಟರಿನ ಕಾಲು ಅರ್ಧ ಹೆಜ್ಜೆ ಮುಂದೆ ಬಂದೇಬಿಟ್ಟಿತ್ತು.

"ಬೇಡ," ಎಂದಳು. "ನಾನು ಬಂದ್ರೆ ಅವಳು ಚೆನ್ನಾಗಿದೀನಿ ಅಂತಾಳೆ."

ಪರದೆ ಮುಚ್ಚಿಕೊಂಡಿತು. ಸ್ಟೂಲಿನ ಕಾಲು ನೆಲಕ್ಕೆ ಉಜ್ಜಿದ ಸದ್ದಾಯಿತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಅಮ್ಮ ಕೂಗಿಕೊಂಡಳು. ಅದು ಯಾರ ದನಿ ಎಂದು ಮಗಳಿಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ಬಾಯಿಬಿಟ್ಟು, ಎಳೆಗೂಸಿನ ಹಾಗೆ, ಅಯ್ಯೋ ಸಾಕು ಮಗಳೇ, ಸಾಕು ಮಗಳೇ ಎಂದು ಅಮ್ಮ ಅಳುತ್ತಿದ್ದಳು. ಮಗಳೇ ಎಂದದ್ದು ಒಳಗಿದ್ದವಳಿಗೆ. ಅಳಿ ಅಮ್ಮ, ಜೋರಾಗೇ ಅಳಿ ಎಂದು ಒಳಗಿದ್ದವಳು ಹೇಳುತ್ತಿದ್ದಳು.

ಗಡಿಯಾರ ಸಿಸ್ಟರಿನ ಕೈ ಪರದೆಯ ಅಂಚನ್ನು ಹಿಡಿದುಕೊಂಡಿತ್ತು. ಹೊಟ್ಟೆಯಲ್ಲಿ ಅದೇ ಕಿಚ್ಚು, ನಿನ್ನೆಗಿಂತ ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಕೈ ಹಿಂದಕ್ಕೆ ತೆಗೆದುಕೊಂಡಳು. ಅಮ್ಮ ಅತ್ತು ಮುಗಿಸುವವರೆಗೂ ಪರದೆಯ ಈಚೆಗೆ ನಿಂತಿದ್ದಳು.